ದೊಡ್ಡಪ್ಪನ ಎರಡು ಹಾಲಕ್ಕಿ

ಹಾಲಕ್ಕಿಯನ್ನು ಅನಿಷ್ಟ ಎಂದು ಬಯ್ಯುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಪುಟ್ಟ ಗೂಬೆ ನಮ್ಮ ಮನೆಗೆ ಏನೂ ಕೇಡು ಮಾಡಲಿಲ್ಲ. ಮಾಡಿದವನು ನಮ್ಮ ದೊಡ್ಡಪ್ಪ.

ಬಂಗಾರಪೇಟೆ ಮಗ್ಗುಲಿನ ನಮ್ಮ ಹಳ್ಳಿಯಲ್ಲಿ, ಮದುವೆಯ ತಾಂಬೂಲ ಹಿಡಿದು ಹೊರಡುವ ಮುಂಚೆ ಹಾಲಕ್ಕಿಯ ಮಾತು ಕೇಳುವುದು ವಾಡಿಕೆ. ಎಡಕ್ಕೆ ನುಡಿದರೆ ಹೊರಡಬೇಕು, ಬಲಕ್ಕೆ ನುಡಿದರೆ ಗಾಡಿ ಬಿಚ್ಚಬೇಕು. ಅಪ್ಪ ತೀರಿಕೊಂಡ ಮೇಲೆ ಆ ಮಾತಿಗೆ ಅರ್ಥ ಹೇಳುವ ಯಜಮಾನಿಕೆ ದೊಡ್ಡಪ್ಪನದಾಯಿತು.

ಅಕ್ಕನಿಗೆ ಚಾಂಪಿಯನ್ ರೀಫ್ಸ್‌ನಲ್ಲಿ ಬಿಳಿ ದೊರೆಗಳ ಚಿನ್ನದ ಗಣಿಗೆ ಇಳಿಯುತ್ತಿದ್ದ ಹುಡುಗ ಗೊತ್ತಾಗಿದ್ದ. ಅವಳು ಮೆಚ್ಚಿದ್ದಳು. ದೊಡ್ಡಪ್ಪನಿಗೆ ಮಾತ್ರ ಗಣಿಯವನು ಅಳಿಯನಾಗುವುದು ಬೇಡವಾಗಿತ್ತು. ತಾಂಬೂಲ ಒಯ್ಯುವ ಬೆಳಿಗ್ಗೆ ಬಲಗಡೆಯ ಬೇಲಿಯಿಂದ ಒಂದು ಕೂಗು ಬಂತು. ದೊಡ್ಡಪ್ಪ ಕೂಡಲೇ ಎತ್ತು ಬಿಚ್ಚಿಸಿದ.

ಅಕ್ಕ ಹಿತ್ತಲಿಂದ ಓಡಿಬಂದು ಅದು ಹಾಲಕ್ಕಿಯಲ್ಲ ಎಂದಳು. ಕಣ್ಣಾರೆ ಕಂಡಿದ್ದಳು. ಶಕುನ ನುಡಿಯುವ ಹಾಲಕ್ಕಿ ನಮ್ಮ ಹುಣಸೆಮರದ ಪೊಟರೆಯದು. ಮೈಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆ, ಬಾಯಿ ಬಿಟ್ಟರೆ ಓರಗಿತ್ತಿಯರ ಜಗಳ. ಬೇಲಿಯಲ್ಲಿ ಕೂತದ್ದು ಅಡವಿಯದು. ಅದಕ್ಕೆ ನೆತ್ತಿಯಿಂದ ಬಾಲದವರೆಗೂ ಸಣ್ಣ ಪಟ್ಟೆ. ಕೂಗು ಮೆಲ್ಲಗೆ ಶುರುವಾಗಿ ಬರಬರುತ್ತ ಬಿರುಸಾಗುತ್ತದೆ, ಕೇಳಲು ಇಂಪು. ಅದರ ಮಾತನ್ನು ಶಕುನಕ್ಕೆ ಹಿಡಿಯುವ ಪದ್ಧತಿ ನಮ್ಮಲ್ಲಿಲ್ಲ.

“ಎಲ್ಡೂ ಒಂದೇ ಜಾತಿ ಕಣಮ್ಮಿ, ಒಳೀಕ್ ಓಗು” ಎಂದ ದೊಡ್ಡಪ್ಪ.

ಕಾದು ಬೇಸತ್ತ ಗಂಡಿನವರು ಬೇರೆ ಕಡೆ ಹೆಣ್ಣು ತಂದುಕೊಂಡರು.

ಮಾರನೆಯ ವರ್ಷ ದೊಡ್ಡಪ್ಪನ ಮಗನಿಗೆ ಹೊಲಗದ್ದೆ ಇದ್ದವರ ಮನೆಯ ಹೆಣ್ಣು ಕುದುರಿತು. ಗಾಡಿ ಕಟ್ಟಿ ನಿಲ್ಲಿಸಿದ್ದರು. ಅದೇ ಬೇಲಿ, ಅದೇ ಬಲಗಡೆ, ಅದೇ ಕೂಗು. ಎಲ್ಲರೂ ದೊಡ್ಡಪ್ಪನ ಮುಖ ನೋಡಿದರು. ಅವನು ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಅದು ಅಡವಿ ಹಕ್ಕಿ, ಅದರ ಮಾತು ನಡೆಯುವುದಿಲ್ಲ, ಗಾಡಿ ಹೊಡೆಯಿರಿ ಎಂದ. ಆ ಮುಖಕ್ಕೆ ನಾಚಿಕೆ ಎನ್ನುವುದೇ ಇರಲಿಲ್ಲ.

ಅಕ್ಕ ಬಂದು ಎತ್ತಿನ ಮುಂದೆ ನಿಂತಳು.

“ಪಟ್ಟೆ ಐತಾ ಚುಕ್ಕೆ ಐತಾ, ಇಳ್ದು ನೋಡ್ಕಂಡ್ ಓಗು ದೊಡ್ಡಪ್ಪ. ನನ್ ಪಾಲ್ಗೆ ಎಲ್ಡೂ ಒಂದೇ ಮಾಡ್ದಲ್ಲ.”

ಗಾಡಿಯಲ್ಲಿದ್ದ ಹೆಂಗಸರು ತಲೆ ತಗ್ಗಿಸಿದರು. ದೊಡ್ಡಪ್ಪ ಬಾರುಕೋಲು ಕಿತ್ತುಕೊಂಡು ಎತ್ತಿಗೆ ಬಾರಿಸಿದ. ಅಕ್ಕ ಪಕ್ಕಕ್ಕೆ ಸರಿಯಬೇಕಾಯಿತು.

ಆಮೇಲೆ ಅವಳಿಗೆ ಗಂಡುಬೀರಿ ಎಂದು ಹೆಸರು ಬಿತ್ತು, ಯಾರೂ ಕೇಳಿಕೊಂಡು ಬರಲಿಲ್ಲ. ಅದೇ ಮನೆಯಲ್ಲಿ, ಆ ಮದುವೆಯ ಮಕ್ಕಳನ್ನು ಎತ್ತಾಡಿಸುತ್ತ ಮುದುಕಿಯಾದಳು. ದೊಡ್ಡಪ್ಪ ಸತ್ತಾಗ ಚಟ್ಟಕ್ಕೆ ಹೆಗಲು ಕೊಡು ಎಂದು ಊರವರು ಕರೆದರು. ನಾನು ಕೊಡಲಿಲ್ಲ.