ಆಜಿಗೆ ಒಂದೇ ಕ್ಯಾಮೆರಾ

ನಮ್ಮ ಮರಾಠಿ ಧಾರಾವಾಹಿಯಲ್ಲಿ ಆಜಿಯ, ಎಂದರೆ ಅಜ್ಜಿಯ, ಪಾತ್ರ ಮಾಡುತ್ತಿದ್ದವರು ಮೊದಲ ಸಲ ಮಾತು ಮರೆತದ್ದು ನನ್ನ ಹೊರತು ಯಾರಿಗೂ ತಿಳಿಯಲಿಲ್ಲ. ತಿಳಿಯದ ಹಾಗೆ ಮಾಡಿದವಳೂ ನಾನೇ.

ತಳೇಗಾಂವದ ಕೈಗಾರಿಕಾ ವಸಾಹತಿನಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯ ಶೆಡ್ಡನ್ನು ಬಾಡಿಗೆಗೆ ಹಿಡಿದು, ಅದರೊಳಗೆ ಹಳೆಯ ಕಾಲದ ವಾಡೆಯ ಪಡಸಾಲೆ, ಅಡುಗೆಮನೆ, ದೇವರಮನೆ ಕಟ್ಟಿದ್ದರು. ಎಲ್ಲ ಕೋಣೆಗಳಿಗೂ ಮೂರೇ ಗೋಡೆ. ನಾಲ್ಕನೆಯ ಗೋಡೆ ಇರಬೇಕಾದ ಕಡೆ ಮೂರು ಕ್ಯಾಮೆರಾಗಳು ನಿಂತಿರುತ್ತಿದ್ದವು. ಒಂದನೆಯದು ಆಜಿಯ ಮುಖಕ್ಕೆ, ಎರಡನೆಯದು ಇಡೀ ಕೋಣೆಗೆ, ಮೂರನೆಯದು ಸೊಸೆಯ ಮುಖಕ್ಕೆ. ಮೂರೂ ಒಟ್ಟಿಗೇ ಓಡುತ್ತಿದ್ದವು. ಪಕ್ಕದ ಪ್ಲೈವುಡ್ ಕೋಣೆಯಲ್ಲಿ ಮೂರು ಪರದೆಗಳ ಮುಂದೆ ನಾನು ಕೂತಿರುತ್ತಿದ್ದೆ. ಕೈಯಡಿಯಲ್ಲಿ ಮೂರು ಗುಂಡಿಗಳ ಪ್ಯಾನಲ್ಲು. ಯಾವ ಮಾತಿಗೆ ಯಾರ ಮುಖ ಬೇಕೋ ಆ ಗುಂಡಿ ಒತ್ತಬೇಕು. ನಾನು ಒತ್ತಿದ್ದನ್ನೇ ಜನ ಮನೆಯಲ್ಲಿ ನೋಡುತ್ತಿದ್ದರು.

ಹೇಳಿದರೆ ದೊಡ್ಡ ಅಧಿಕಾರದ ಹಾಗೆ ಕೇಳಿಸುತ್ತದೆ. ನಿಜವಾಗಿ ಅದು ಬೆರಳಿನ ಕೂಲಿ. ಪೇಟೆಯ ಕ್ಯಾಂಪ್ ಬಡಾವಣೆಯ ಮನೆಯಿಂದ ಸ್ಟೇಷನ್ನು, ಅಲ್ಲಿಂದ ಲೋಕಲ್ ರೈಲು, ಇಳಿದ ಮೇಲೆ ಷೇರ್ ರಿಕ್ಷಾ. ದಿನವಿಡೀ ಗುಂಡಿ. ಸಂಜೆ ಲೋಕಲ್ಲಿನಲ್ಲಿ ಎದುರಿನ ಸೀಟಿನ ಇಬ್ಬರು ಮಾತಿಗೆ ತೊಡಗಿದರೆ ನನ್ನ ಬೆರಳು ತೊಡೆಯ ಮೇಲೆ ತಾನಾಗಿಯೇ ಕುಣಿಯುತ್ತಿತ್ತು: ಈಗ ಇವಳ ಮುಖ, ಈಗ ಅವಳ ಮುಖ. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಸೆಟ್ಟಿನಲ್ಲಿ ಎಲ್ಲರೂ ಅವರನ್ನು ಪಾತ್ರದ ಹೆಸರಿನಿಂದ ಆಜಿ ಎಂದೇ ಕರೆಯುತ್ತಿದ್ದರು. ನಾನೊಬ್ಬಳು ಅಕ್ಕಾರ ಎನ್ನುತ್ತಿದ್ದೆ. ನಾನು ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ನೀರಿನ ಡ್ರಮ್ಮಿನ ಹತ್ತಿರ ನಿಂತು ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಒಂಬತ್ತು ಗಜದ ಸೀರೆಯಲ್ಲಿದ್ದ ಅವರು ನಡೆಯುತ್ತಿದ್ದವರು ಹಾಗೇ ನಿಂತರು.

"ಯಾ ಊರಾಕಿ ನೀ?"

"ಹುಟ್ಟಿದ್ದು ಇಲ್ಲೇ ರೀ. ಅಪ್ಪ ಗದಗಿನಾಂವ. ಅರಿವಿ ಅಂಗಡ್ಯಾಗ ಗುಮಾಸ್ತ ಆಗಿ ಬಂದಿದ್ದಾ."

"ನಂದು ಜಮಖಂಡಿ ಕಡೆ. ಬಾ, ಡಬ್ಬಿ ತಗೊಂಡ ಬಾ. ಇಲ್ಲಿ ಪಲ್ಯಾದಾಗ ಸಕ್ಕರಿ ಹಾಕತಾರ, ನನ್ನ ನಾಲಗಿ ಸತ್ತ ಹೋಗೇದ."

ಅಂದಿನಿಂದ ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದೆವು. ಎಪ್ಪತ್ತು ದಾಟಿದ್ದವರು. ಹನ್ನೊಂದನೆಯ ವಯಸ್ಸಿಗೇ ನಾಟಕ ಕಂಪನಿ ಸೇರಿ, ಗಡಿಯ ಎರಡೂ ಕಡೆಯ ಊರುಗಳಲ್ಲಿ ಎರಡೂ ಭಾಷೆಗಳಲ್ಲಿ ಪಾತ್ರ ಮಾಡಿದವರು. ಅವರಿಗೆ ನಮ್ಮ ಮೂರು ಕ್ಯಾಮೆರಾದ ರೀತಿ ಒಗ್ಗಿದ್ದು ಅದಕ್ಕೇ. ಐದಾರು ನಿಮಿಷದ ಸೀನನ್ನು ಎಲ್ಲೂ ನಿಲ್ಲಿಸದೆ ಒಂದೇ ಉಸಿರಿಗೆ ಆಡಿ ಮುಗಿಸುತ್ತಿದ್ದರು. ಎದುರಿನವರು ತಪ್ಪಿದರೆ ತಾವೇ ಒಂದು ಮಾತು ಸೇರಿಸಿ ಎತ್ತಿಕೊಂಡು ಹೋಗುತ್ತಿದ್ದರು. ಸಿನಿಮಾದವರು ಒಂದೇ ಕ್ಯಾಮೆರಾ ಇಟ್ಟು, ಅದೇ ಮಾತನ್ನು ಒಮ್ಮೆ ಈ ಕಡೆಯಿಂದ, ಮತ್ತೆ ಲೈಟುಗಳನ್ನೆಲ್ಲ ಸರಿಸಿ ಆ ಕಡೆಯಿಂದ, ಆಮೇಲೆ ಬರೀ ಕೈ, ಬರೀ ಲೋಟ ಎಂದು ತುಂಡುತುಂಡಾಗಿ ತೆಗೆಯುತ್ತಾರೆ. ಅಂಥ ಒಂದೆರಡು ಚಿತ್ರಗಳಲ್ಲೂ ಅವರು ಮಾಡಿದ್ದರು. "ಒಂದ ಅಳೂ ನಾಕ ಸರ್ತಿ ಅಳಬೇಕು. ಕಡೀಕ ಯಾಕ ಅಳ್ಲಿಕತ್ತೀನಿ ಅನ್ನೂದ ಮರತ ಹೋಗತದ," ಎನ್ನುತ್ತಿದ್ದರು.

ಮರೆವು ಶುರುವಾದದ್ದು ಮೂರನೆಯ ವರ್ಷ. ಸೊಸೆಯನ್ನು ಬೈಯುವ ಸೀನು. ಮಾತಿನ ನಡುವೆ ಅವರ ಕಣ್ಣು ಒಂದು ಕ್ಷಣ ಖಾಲಿಯಾಯಿತು. ಒಂದನೆಯ ಪರದೆಯಲ್ಲಿ ನನಗದು ಸ್ಪಷ್ಟವಾಗಿ ಕಂಡಿತು. ತಟ್ಟನೆ ಮೂರನ್ನು ಒತ್ತಿ ಸೊಸೆಯ ಮುಖ ತೋರಿಸಿದೆ. ಅಷ್ಟರಲ್ಲಿ ಅವರಿಗೆ ಮಾತು ಸಿಕ್ಕಿತು, ನಾನು ಮತ್ತೆ ಒಂದಕ್ಕೆ ಬಂದೆ. ನೋಡುವವರಿಗೆ ಆಜಿ ಬೈಗುಳ ನುಂಗಿಕೊಂಡ ಹಾಗೆ, ಸೊಸೆ ನೊಂದುಕೊಂಡ ಹಾಗೆ ಕಂಡಿತು, ಅಷ್ಟೆ.

ಆಮೇಲೆ ವಾರಕ್ಕೊಮ್ಮೆ, ಆಮೇಲೆ ದಿನಕ್ಕೊಮ್ಮೆ. ಅವರು ಎಲ್ಲಿ ಮರೆಯುತ್ತಾರೆಂದು ಅವರಿಗಿಂತ ಮೊದಲು ನನಗೆ ಗೊತ್ತಾಗತೊಡಗಿತು. ಎಡಗೈ ಸೆರಗಿನ ಅಂಚು ಹುಡುಕಿದರೆ ಮಾತು ತಪ್ಪುತ್ತಿದೆ ಎಂದರ್ಥ. ನಾನು ಮೂರಕ್ಕೆ ಜಿಗಿಯುತ್ತಿದ್ದೆ. ಹೀಗೆ ಎಷ್ಟೋ ತಿಂಗಳು ನಡೆಯಿತು. ಸೊಸೆಯ ಪಾತ್ರದ ಹುಡುಗಿಗೆ, ಮಾತಿಲ್ಲದೆಯೇ ಎಷ್ಟು ಚೆನ್ನಾಗಿ ಅಭಿನಯಿಸುತ್ತಾಳೆ ಎಂದು ಹೆಸರು ಬಂತು. ಈ ಗುಟ್ಟನ್ನು ನಾನು ಅಕ್ಕಾರಿಗೂ ಹೇಳಲಿಲ್ಲ. ಹೇಳುವುದು ಹೇಗೆ?

ಬೇಸಿಗೆಯ ಒಂದು ದಿನ ಮುಚ್ಚಿಡುವುದು ಸಾಧ್ಯವಾಗಲಿಲ್ಲ. ತಗಡಿನ ಶೆಡ್ಡು, ಅದರ ಕೆಳಗೆ ಲೈಟುಗಳ ಕಾವು, ಮಾತು ಕೆಡಬಾರದೆಂದು ಫ್ಯಾನೂ ಬಂದ್. ಮನೆಮಂದಿಯೆಲ್ಲ ಕೂತ ಮದುವೆ ಮಾತುಕತೆಯ ಸೀನು. ಮೂರು ಕ್ಯಾಮೆರಾದ ತೊಂದರೆಯೆಂದರೆ ಒಬ್ಬರು ಮಾತು ತಪ್ಪಿ ನಿಂತರೆ ಎಲ್ಲರೂ ನಿಲ್ಲಬೇಕು. ಅಕ್ಕಾರು ಒಂದೇ ಸಾಲಿನಲ್ಲಿ ಆರು ಸಲ ತಪ್ಪಿದರು. ಪ್ರತಿ ಸಲವೂ ಒಂಬತ್ತು ಜನ ಎದ್ದು, ಬೆವರು ಒರೆಸಿಕೊಂಡು, ಮತ್ತೆ ಮೊದಲಿನಿಂದ ನಗುತ್ತ ಒಳಗೆ ಬರಬೇಕು.

ನಿರ್ದೇಶಕ ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿದ. ನನಗಿಂತ ಚಿಕ್ಕವನು, ಕೆಟ್ಟವನಲ್ಲ. ವಾಹಿನಿಯವರು ಆಜಿಯನ್ನು ಬದಲಿಸು ಅನ್ನುತ್ತಿದ್ದಾರೆ, ನನಗೆ ಮನಸ್ಸಿಲ್ಲ, ಏನು ಮಾಡಲಿ ಎಂದು ಮರಾಠಿಯಲ್ಲಿ ಕೇಳಿದ.

"ಅವರದ್ದಷ್ಟನ್ನೇ ಒಂದು ಕ್ಯಾಮೆರಾದಲ್ಲಿ ಬೇರೆ ತೆಗೆಯಿರಿ," ಎಂದೆ. "ಒಂದೊಂದೇ ಸಾಲು. ನಾನು ಪಕ್ಕದಲ್ಲಿ ಕೂತು ಹೇಳಿಕೊಡುತ್ತೇನೆ. ಆಮೇಲೆ ಜೋಡಿಸಿದರಾಯಿತು."

ಅವನು ನನ್ನ ಕೈ ಹಿಡಿದು ಕುಲುಕಿದ. ಅವತ್ತು ಲೋಕಲ್ಲಿನಲ್ಲಿ ನಾನು ಬಹಳ ದಿನಗಳ ಮೇಲೆ ನಿದ್ದೆ ಮಾಡಿದೆ.

ಹೊಸ ಪದ್ಧತಿ ಹೀಗೆ ನಡೆಯಿತು. ಬೆಳಿಗ್ಗೆ ಉಳಿದವರೆಲ್ಲ ಮೂರು ಕ್ಯಾಮೆರಾದ ಮುಂದೆ ತಮ್ಮ ಮಾತು ಮುಗಿಸುತ್ತಿದ್ದರು. ಆಜಿಯ ಜಾಗದಲ್ಲಿ ಬಟ್ಟೆ ವಿಭಾಗದ ಹೆಂಗಸೊಬ್ಬರು ಅದೇ ಸೀರೆಯಲ್ಲಿ ಬೆನ್ನು ಮಾಡಿ ಕೂರುತ್ತಿದ್ದರು. ಮಧ್ಯಾಹ್ನ ಎಲ್ಲರೂ ಎದ್ದುಹೋದ ಮೇಲೆ ಅಕ್ಕಾರು ಒಬ್ಬರೇ ಬಂದು ಕೂರುವುದು. ಎದುರಿಗೆ ಒಂದು ಕ್ಯಾಮೆರಾ. ಸೊಸೆಯ ಮುಖ ಇರಬೇಕಾದ ಎತ್ತರಕ್ಕೆ ಒಂದು ಲೈಟಿನ ಸ್ಟ್ಯಾಂಡು, ಅದಕ್ಕೆ ಅಂಟಿಸಿದ ಹಳದಿ ಟೇಪಿನ ಚೂರು. ನಾನು ನೆಲದ ಮೇಲೆ ಕೂತು ಸಾಲು ಹೇಳುತ್ತಿದ್ದೆ. ಅವರು ಆ ಟೇಪನ್ನು ನೋಡಿ ಅದನ್ನೇ ಹೇಳುತ್ತಿದ್ದರು. ಕಟ್. ಮುಂದಿನ ಸಾಲು. ಕಟ್.

ಕೆಲಸ ಸಲೀಸಾಯಿತು. ಒಂದು ತಪ್ಪೂ ಇಲ್ಲ. ಅವರ ಮುಖಕ್ಕೆಂದೇ ಲೈಟು ಕೂಡಿಸಿದ್ದರಿಂದ ಮೊದಲಿಗಿಂತ ಚೆಂದವೂ ಕಾಣುತ್ತಿದ್ದರು. ಆದರೆ ನೆಲದ ಮೇಲೆ ಕೂತಿದ್ದ ನನಗೆ ಅವರ ಪಾದಗಳು ಕಾಣುತ್ತಿದ್ದವು. ಮುಂಚೆ ಮಾತಿನ ಜೊತೆ ಆ ಪಾದಗಳೂ ಆಡುತ್ತಿದ್ದವು. ಈಗ ಎರಡೂ ಚಪ್ಪಲಿಗಳ ಹಾಗೆ ಸುಮ್ಮನೆ ಜೋಡಿಸಿಟ್ಟಿರುತ್ತಿದ್ದವು.

ಒಂದು ದಿನ ಸಾಲಿನ ನಡುವೆ ನಿಲ್ಲಿಸಿ ಕೇಳಿದರು. "ನಾ ಈಗ ಯಾರ ಕೂಡ ಮಾತಾಡ್ಲಿಕತ್ತೀನಿ?"

"ಸೊಸಿ ಕೂಡ ರೀ, ಅಕ್ಕಾರ."

"ಎಲ್ಲಿದ್ದಾಳ?"

ನಾನು ಟೇಪಿನ ಕಡೆ ನೋಡಿದೆ. ಅವರೂ ನೋಡಿದರು.

ಮಾರನೆಯ ದಿನ ಊಟದ ಹೊತ್ತಿಗೆ ರೊಟ್ಟಿ ಮುರಿಯುತ್ತ, "ಈ ಉಪಾಯ ಯಾರದು?" ಎಂದರು.

"ಡೈರೆಕ್ಟರದು," ಎಂದೆ. ಸುಳ್ಳು ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಅವರು ಊಟ ಅರ್ಧಕ್ಕೆ ಬಿಟ್ಟು ಅವನ ಹತ್ತಿರ ಹೋದರು. ಅವನು ಪಾಪ, ನನ್ನನ್ನು ಹೊಗಳುವುದಕ್ಕೆಂದೇ, ಇದೆಲ್ಲ ಪ್ಯಾನಲ್ಲಿನ ಮ್ಯಾಡಮ್‌ರ ತಲೆ, ನಿಮ್ಮ ಮೇಲೆ ಅವರಿಗೆ ಬಹಳ ಜೀವ ಎಂದನಂತೆ.

ಅಂದಿನಿಂದ ಅಕ್ಕಾರು ನನ್ನ ಜೊತೆ ಮರಾಠಿಯಲ್ಲಿ ಮಾತಾಡತೊಡಗಿದರು. ಸಿಟ್ಟಿಲ್ಲ, ಕೊಂಕಿಲ್ಲ. ಎಲ್ಲರ ಜೊತೆ ಆಡುವ ಹಾಗೆ, ಮರ್ಯಾದೆಯಿಂದ, ಮ್ಯಾಡಮ್ ಎಂದು. ಸಾಲು ಹೇಳಿಕೊಟ್ಟರೆ ಕೇಳಿಸಿಕೊಂಡು ಹೇಳುವರು. ಡಬ್ಬಿ ಒಬ್ಬರೇ ಉಣ್ಣುವರು. ನಾನು ಕನ್ನಡದಲ್ಲಿ ಕೇಳಿದರೂ ಉತ್ತರ ಮರಾಠಿಯಲ್ಲೇ. ದಿನಕ್ಕೆ ನೂರು ಮಂದಿಯ ಜೊತೆ ನಾನೂ ಅದೇ ಭಾಷೆ ಆಡುವವಳು. ಅವರ ಬಾಯಲ್ಲಿ ಮಾತ್ರ ಅದು ಮುಚ್ಚಿದ ಕದದ ಹಾಗೆ ಕೇಳುತ್ತಿತ್ತು. ಹೀಗೆ ಏಳು ವಾರ.

ಮಳೆಗಾಲ ಬಂತು. ತಗಡಿನ ಮೇಲೆ ಮಳೆ ಬಿದ್ದರೆ ಮಾತು ಕೇಳಿಸುವುದಿಲ್ಲ, ಶೂಟಿಂಗ್ ನಿಲ್ಲುತ್ತದೆ. ಅಂಥದೊಂದು ಬಿಡುವಿನಲ್ಲಿ, ಕಥೆ ಬರೆಯುವವರು ಆಜಿಯನ್ನು ತೀರ್ಥಯಾತ್ರೆಗೆ ಕಳಿಸುತ್ತಿದ್ದಾರೆ ಎಂಬ ಸುದ್ದಿ ಬಂತು. ಧಾರಾವಾಹಿಗಳಲ್ಲಿ ತೀರ್ಥಯಾತ್ರೆಗೆ ಹೋದವರು ತಿರುಗಿ ಬರುವುದಿಲ್ಲ. ಒಂದೇ ಕ್ಯಾಮೆರಾದ ಕೆಲಸಕ್ಕೆ ಪ್ರತಿ ಮಧ್ಯಾಹ್ನ ಎರಡು ತಾಸು ಹೆಚ್ಚಿಗೆ ಹೋಗುತ್ತಿತ್ತು, ಅದು ಯಾರಿಗೂ ಪೂರೈಸುತ್ತಿರಲಿಲ್ಲ. ನನ್ನ ಉಪಾಯ ಅವರ ಕೆಲಸವನ್ನು ಉಳಿಸಿರಲಿಲ್ಲ, ನಾಲ್ಕು ತಿಂಗಳು ಮುಂದೂಡಿತ್ತು, ಅಷ್ಟೆ.

ನಾನು ಮೇಕಪ್ ಕೋಣೆಗೆ ಹೋದೆ. ಕನ್ನಡಿಯ ಮುಂದೆ ಕೂತಿದ್ದರು.

"ಅಕ್ಕಾರ, ಅವತ್ತ ನಾ ಸುಳ್ಳ ಹೇಳಿದ್ನಿರಿ. ಉಪಾಯ ನಂದ."

ಕನ್ನಡಿಯಲ್ಲೇ ನನ್ನನ್ನು ನೋಡಿದರು. ಆಮೇಲೆ ಕನ್ನಡದಲ್ಲಿ ಹೇಳಿದರು.

"ಅದಕ್ಕಿಂತಾ ಮೊದಲಿಂದೂ ಗೊತ್ತದ ನನಗ. ನಾ ತಡವರಿಸಿದಾಗೆಲ್ಲಾ ನೀ ಸೊಸಿ ಮಾರಿ ತೋರಸ್ತಿದ್ದಿ. ನಾನೂ ಮನ್ಯಾಗ ಟೀವಿ ನೋಡ್ತೀನವಾ."

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ.

"ಮತ್ತ ಯಾಕ ಸುಮ್ಮನಿದ್ರಿ?"

"ನಿನಗ ಒಳ್ಳೇದ ಮಾಡೀನಿ ಅಂತ ಅನಸ್ತಿತ್ತಲ್ಲಾ." ಕುಂಕುಮ ಸರಿ ಮಾಡಿಕೊಂಡರು. "ಕಡೀ ಸೀನು ಮೂರೂ ಕ್ಯಾಮೆರಾ ಇಟ್ಟ ಮಾಡ್ರಿ ಅಂತ ಕೇಳೀನಿ. ಒಂದ ಸಲಾ ಮಾಡೂಣು ಅಂದಾನ ಡೈರೆಕ್ಟರ. ನೀ ಏನೂ ಹೇಳಿಕೊಡಬ್ಯಾಡ. ಮರತ್ರ ಮರತಂಗ ಇರಲಿ. ನನ್ನ ಮಾರಿ ಬಿಟ್ಟ ಓಡಿ ಹೋಗಬ್ಯಾಡ, ಅಷ್ಟ."

ಮೂರನೆಯ ದಿನ ಮಳೆ ಬಿಟ್ಟಿತು. ಪಡಸಾಲೆಯಲ್ಲಿ ಗಂಟು ಕಟ್ಟಿಟ್ಟುಕೊಂಡು ಆಜಿ ಸೊಸೆಗೆ ನಾಲ್ಕು ಬುದ್ಧಿಮಾತು ಹೇಳಿ ಹೊಸ್ತಿಲು ದಾಟುವ ಸೀನು. ಎಲ್ಲರೂ ನಿಂತು ನೋಡುತ್ತಿದ್ದರು, ಲೈಟಿನ ಸಾಮಾನು ತರುವ ಟ್ರಕ್ಕಿನ ಡ್ರೈವರುಗಳು ಕೂಡ. ನಿರ್ದೇಶಕ ನನ್ನ ಪಕ್ಕದಲ್ಲಿ ಕೂತ.

ಅಕ್ಕಾರು ಮೊದಲ ಮೂರು ನಿಮಿಷ ಎಲ್ಲೂ ತಪ್ಪಲಿಲ್ಲ. ಅಡುಗೆಮನೆಯಿಂದ ನಡೆದು ಬಂದರು, ದೇವರ ಮುಂದೆ ಬಗ್ಗಿದರು, ಮಗನ ಪಾತ್ರದವನನ್ನು ಗದರಿದರು. ನನ್ನ ಕೈ ಅವರ ಹಿಂದೆ ತಾನಾಗಿ ನಡೆಯಿತು. ಹೊಸ್ತಿಲ ಬಳಿ ಸೊಸೆಯ ಕಡೆ ತಿರುಗಿದರು. ಅಲ್ಲಿ ಮಾತು ನಿಂತಿತು.

ಸೆರಗಿನ ಅಂಚು ಹುಡುಕುವ ಕೈ ನನಗೆ ಕಂಡಿತು.

"ಮೂರಕ್ಕೆ ಹೋಗು," ಎಂದ ನಿರ್ದೇಶಕ. ನಾನು ಹೋಗಲಿಲ್ಲ. "ಮೂರು, ಮೂರು!" ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಪರದೆಯ ತುಂಬ ಒಬ್ಬ ಮುದುಕಿ ತನ್ನ ಮಾತನ್ನು ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ, ಸಿಗುವುದಿಲ್ಲವೆಂದು ಅವಳಿಗೂ ತಿಳಿಯಿತು. ಅವಳು ಹೆದರಲಿಲ್ಲ. ಸೊಸೆಯ ಹುಡುಗಿಯ ಭುಜದ ಮೇಲೆ ಜಾರಿದ್ದ ಸೆರಗನ್ನು ಎಳೆದು ಸರಿಮಾಡಿ, "ಯೇತೆ," ಎಂದಳು. ಬರ್ತೀನಿ ಎಂದು. ಅಷ್ಟೇ ಹೇಳಿ ಹೊರಟಳು. ಹುಡುಗಿ ಅತ್ತಳು. ಅವಳು ಆ ಮನೆಯಲ್ಲಿ ನಿಜವಾಗಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಿರ್ದೇಶಕ ಕಣ್ಣೊರೆಸಿಕೊಂಡು, ಬಹಳ ಒಳ್ಳೆಯದಾಯಿತು, ಆದರೆ ವಾಹಿನಿಯವರಿಗೆ ಆ ನಾಲ್ಕು ಸಾಲು ಬೇಕೇ ಬೇಕು, ಒಂದು ಸಲ ಬೇರೆ ತೆಗೆದಿಟ್ಟುಕೊಳ್ಳೋಣ ಎಂದ. ಅಕ್ಕಾರು ವಾದಿಸಲಿಲ್ಲ. ಒಂದು ಕ್ಯಾಮೆರಾ, ಒಂದು ಸ್ಟ್ಯಾಂಡು. ನಾನು ನೆಲದ ಮೇಲೆ ಕೂತು ಓದಿದೆ. ಅವರು ಹೇಳಿದರು. ಕಾಲು ತಾಸಿನಲ್ಲಿ ಮುಗಿಯಿತು.

ಟೀವಿಯಲ್ಲಿ ಬಂದದ್ದು ಆ ನಾಲ್ಕು ಸಾಲುಗಳೇ, ಹಿನ್ನೆಲೆಯಲ್ಲಿ ಕೊಳಲು. ಇನ್ನೊಂದು, ಅವರು ಸುಮ್ಮನೆ ನಿಂತದ್ದು, ಕೆಲವು ದಿನ ಡಿಸ್ಕಿನಲ್ಲಿ ಇತ್ತು. ತಿಂಗಳಿಗೊಮ್ಮೆ ಡಿಸ್ಕುಗಳನ್ನು ಅಳಿಸಿ ಮತ್ತೆ ಬಳಸುತ್ತಾರೆ. ಪ್ರಸಾರವಾದ ಸಂಜೆ ಅಕ್ಕಾರು ಫೋನ್ ಮಾಡಿದರು. "ನೋಡಿದೆ. ಮಾರಿ ಚೊಲೊ ಬಂದದ," ಎಂದರು. ನಾನು ಹೌದ್ರಿ ಎಂದೆ.

ಧಾರಾವಾಹಿ ಇನ್ನೊಂದು ವರ್ಷ ನಡೆದು ಮುಗಿಯಿತು. ಆ ಶೆಡ್ಡಿನಲ್ಲಿ ಈಗ ಫ್ರಿಜ್ಜುಗಳ ಗೋದಾಮು ಇದೆ. ನಾನು ಮದುವೆ ಮಂಟಪಗಳಲ್ಲಿ ನೇರಪ್ರಸಾರದ ಪ್ಯಾನಲ್ಲು ನಡೆಸುತ್ತೇನೆ. ಹೋದ ತಿಂಗಳು ಅಕ್ಕಾರು, ಕ್ಯಾಂಪಿನಲ್ಲಿ ನೆನಪಿನ ಡಾಕ್ಟರೊಬ್ಬರಿದ್ದಾರಂತೆ, ಜೊತೆಗೆ ಬಾ ಎಂದರು. ಹೋದೆ. ಡಾಕ್ಟರು, ಇವತ್ತು ಯಾವ ವಾರ, ನೂರರಿಂದ ಹಿಂದಕ್ಕೆ ಎಣಿಸಿ ಎಂದೆಲ್ಲ ಕೇಳಿದರು. ಕೆಲವಕ್ಕೆ ಉತ್ತರ ಬಂತು, ಕೆಲವಕ್ಕೆ ಬರಲಿಲ್ಲ. ಗುಳಿಗೆ ಬರೆದುಕೊಟ್ಟರು.

ಹೊರಗೆ ಬಂದಾಗ ಎರಡು ಗಂಟೆಯ ಬಿಸಿಲು. ಅಕ್ಕಾರು, ತಮ್ಮ ತಂಗಿಯ ಮನೆಗೆ ಬಿಸ್ಕೀಟು ಒಯ್ಯಬೇಕು ಎಂದರು. ಅಲ್ಲೇ ಇದ್ದ ಬೇಕರಿ ಮಧ್ಯಾಹ್ನಕ್ಕೆ ಮುಚ್ಚಿತ್ತು, ಇನ್ನು ತೆರೆಯುವುದು ನಾಲ್ಕಕ್ಕೆ.

"ಮನಿಗೆ ಹೋಗಿ ಬರೂಣೇನ್ರಿ? ಇಲ್ಲೇ ಹತ್ರದಾಗದ," ಎಂದೆ.

"ಬ್ಯಾಡ. ಕಾಲ ನೋಯತಾವ. ಇಲ್ಲೇ ಕುಂಡ್ರೂಣು."

ಮುಚ್ಚಿದ ಶಟರಿನ ಮುಂದೆ, ನೆರಳಿದ್ದ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಅವರು ಚಪ್ಪಲಿ ಬಿಚ್ಚಿ ಕಾಲು ಚಾಚಿದರು. ನಾನೂ ಬಿಚ್ಚಿ ಪಕ್ಕದಲ್ಲೇ ಚಾಚಿದೆ.