ಗಂಟಲಿನ ಕೊಳೆ

ರೇಡಿಯೇಟರ್ ಮೇಲೆ ಒಣಗುತ್ತಿರುವ ಕಿತ್ತಳೆ ಸಿಪ್ಪೆಯ ವಾಸನೆ ಬಂದರೆ ನನಗೆ ಒಬ್ಬ ಗಂಡಸಿನ ಗಂಟಲು ನೆನಪಾಗುತ್ತದೆ. ಸಿಪ್ಪೆ ಇಡುತ್ತಿದ್ದದ್ದು ಪಕ್ಕದ ಮನೆಯ ರಫಾ ಅಂಕಲ್ಲೋ, ಅವರನ್ನು ನೋಡಿ ಕಲಿತ ನನ್ನ ಅಮ್ಮನೋ, ಈಗ ಹೇಳಲಾರೆ. ವಾಸನೆ ಒಂದು ಮನೆಯದು, ದನಿ ಇನ್ನೊಂದು ಮನೆಯದು ಇದ್ದೀತು. ಐರ್ಲೆಂಡಿನ ಅತ್ಲೋನ್‌ನಲ್ಲಿ ನಮ್ಮೆರಡು ಮನೆಗಳಿಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ತೆಳ್ಳಗಿನದು. ನಮ್ಮ ಒಗ್ಗರಣೆ ಸದ್ದು ಆ ಕಡೆ ಹೋಗುತ್ತಿತ್ತು, ಅವರ ಫ್ಲಮೆಂಕೊ ಹಾಡು ಈ ಕಡೆ ಬರುತ್ತಿತ್ತು.

ರಫಾ ಅಂಕಲ್ ಸ್ಪೇನಿನ ದಕ್ಷಿಣದವರು. ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದು ನಿವೃತ್ತರಾಗಿದ್ದರು, ಒಬ್ಬರೇ ಇದ್ದರು, ಒಬ್ಬರೇ ಹಾಡಿಕೊಳ್ಳುತ್ತಿದ್ದರು. ಮೈಸೂರಿನಲ್ಲಿ ಸಂಗೀತ ಕಲಿತಿದ್ದ ಅಮ್ಮ ಹುರುಳಿಕಾಯಿ ಹೆಚ್ಚುತ್ತಾ, ಗೋಡೆಯಾಚೆಯ ಚಪ್ಪಾಳೆಗೆ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಪ್ರತಿ ಸಲವೂ ತಪ್ಪುತ್ತಿತ್ತು. ಅವಳಿಗೆ ಆವರ್ತದ ಮೊದಲ ಏಟೇ ಮನೆ; ಅವರ ಹಾಡು ಬಂದು ಕೂರುತ್ತಿದ್ದದ್ದು ಕೊನೆಗೆ. ತಡೆಯಲಾರದೆ ಒಂದು ಭಾನುವಾರ ಹೋಗಿ ಅವರ ಬಾಗಿಲು ಬಡಿದಳು. ಸದ್ದು ಜಾಸ್ತಿಯಾಯಿತೆಂದು ಬೈಯಲು ಬಂದಳೆಂದುಕೊಂಡು ಅವರು ಕ್ಷಮೆ ಕೇಳಿದರಂತೆ. ಇವಳು ತಾಳದ ಲೆಕ್ಕ ಕೇಳಿದಳಂತೆ. "ಸೆನ್ಯೋರಾ, ನೀವು ತಲೆಬಾಗಿಲಿಂದ ಬರ್ತೀರಿ, ನಾವು ಹಿತ್ತಲಿಂದ" ಎಂದರಂತೆ ಅವರು. ಅವರ ಮುರುಕು ಇಂಗ್ಲಿಷ್ ಅಮ್ಮನ ಬಾಯಲ್ಲಿ ಕನ್ನಡವಾಗಿ, ಅದೇ ಮಾತು ನನ್ನಲ್ಲಿ ಉಳಿದಿದೆ. ಅವರು ನಿಜಕ್ಕೂ ಏನೆಂದರೋ.

ಆಮೇಲೆ ಭಾನುವಾರಗಳು ಅವರ ಮನೆಯಲ್ಲೇ. ಅವರ ರೆಕಾರ್ಡುಗಳಲ್ಲಿ ತುಂಬ ಹಳೆಯದೊಂದರಲ್ಲಿ ಹಾಡುಗಾರ ಶುರುವಿಗೆ ಮುನ್ನ ಕೆಮ್ಮುತ್ತಿದ್ದ. ಆ ಕೆಮ್ಮು ಬಂದಾಗ ಅಂಕಲ್ ಕೈ ಎತ್ತುತ್ತಿದ್ದರು, ಹಾಡಿನ ಮೊದಲ ಸಾಲು ಅದೇ ಎಂಬಂತೆ. ಹಾಡು ಥಿಯೇಟರಿಗೆ ಹೋದಾಗ ಗಂಟಲುಗಳೆಲ್ಲ ಸಕ್ಕರೆಯಾದವು, ಅದಕ್ಕೆ ರೋಸಿಹೋದವರು ಗಂಟಲಿಗೆ ಮತ್ತೆ ಮರಳನ್ನು ತಂದರು ಎಂದು ಹೇಳುತ್ತಿದ್ದರು. ಅವರು ಹುಡುಗರಾಗಿದ್ದಾಗ ಬಂದ ಒಂದು ಆಲ್ಬಮ್ಮಿನಲ್ಲಿ ಡ್ರಮ್ಸ್, ಎಲೆಕ್ಟ್ರಿಕ್ ಬಾಸ್, ಸಾಲದ್ದಕ್ಕೆ ಸಿತಾರ್. ಅವರ ಊರಿನ ಹಿರಿಯರು ಇದು ಫ್ಲಮೆಂಕೊನೇ ಅಲ್ಲ ಎಂದು ಅಂಗಡಿಗೆ ವಾಪಸ್ ಕೊಟ್ಟರಂತೆ. ಅಂಕಲ್ಲಿನ ಅಪ್ಪ ಕಿಟಕಿಯಿಂದಲೇ ಎಸೆದರಂತೆ. ಇವರು ಇಳಿದು ಹೋಗಿ ಹೆಕ್ಕಿ ತಂದರು. ಅದರ ಸೀಳು ಸುತ್ತಿಗೊಮ್ಮೆ ಟಿಕ್ಕೆನ್ನುತ್ತಿತ್ತು. ಆ ಟಿಕ್ ಇಲ್ಲದೆ ಈಗ ಕೇಳಿದರೆ ಏನೋ ಕದ್ದ ಹಾಗಿರುತ್ತದೆ. ಹಾಡು ಎಷ್ಟಾದರೂ ಬದಲಾಗಲಿ, ಗಂಟಲು ಮಾತ್ರ ನುಣ್ಣಗಾಗಬಾರದು ಎನ್ನುವುದು ಅವರ ಮಾತು. ನನ್ನ ಅಪ್ಪನೂ ಅಲ್ಲೇ ಕೂತು ಆ ಮಾತು ಕೇಳಿದ್ದರು.

ಅಪ್ಪನ ಕೆಲಸ ಫೋನ್ ಕರೆಗಳಿಂದ ಗದ್ದಲ ತೆಗೆಯುವ ಸಾಫ್ಟ್‌ವೇರ್ ಬರೆಯುವುದು. ಗಾಳಿ, ಬಸ್ಸು, ಪಕ್ಕದವರ ಮಾತು ಎಲ್ಲ ಅವರಿಗೆ ಕೊಳೆ. ರಫಾ ಅಂಕಲ್ಲಿನ ಗಂಟಲಲ್ಲಿ ಗಡ್ಡೆ ಸಿಕ್ಕಿ, ಆಪರೇಷನ್ ಆದ ಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ, ಅವರು ಅಪ್ಪನನ್ನೇ ಕೇಳಿದರು: ಒಂದೇ ಒಂದು ಹಾಡು ಹಿಡಿದಿಟ್ಟುಕೊಡಿ. ಅಲ್ಲಿಯವರೆಗೆ ಅವರು ಎಲ್ಲೂ ರೆಕಾರ್ಡ್ ಮಾಡಿಸಿರಲಿಲ್ಲ.

ನಮ್ಮ ಹಾಲಿನ ಕಿಟಕಿಗೆ ರಜಾಯಿಗಳನ್ನು ನೇತುಹಾಕಿದ್ದು, ಫ್ರಿಜ್ ಆರಿಸಿದ್ದು ನೆನಪಿದೆ. ಅಪ್ಪ ಎಲ್ಲರಿಗೂ ಉಸಿರು ಬಿಗಿಹಿಡಿಯಲು ಹೇಳಿದರು. ಅಂಕಲ್ ಒಪ್ಪಲಿಲ್ಲ. ಕೇಳುವವರು ನಡುನಡುವೆ ಕೂಗಿ ಎತ್ತದಿದ್ದರೆ ಹಾಡುವವನು ಬಾವಿಗೆ ಹಾಡಿದಂತೆ, ಎಂದು ಅಮ್ಮನ ಕಡೆ ನೋಡಿದರು. ಅವರು ಹಾಡಿದ್ದು ಹಾಡೋ ಕಿತ್ತುಬಂದದ್ದೋ ಗೊತ್ತಿಲ್ಲ. ನಾನು ಸೋಫಾದ ಬಟ್ಟೆ ಹಿಡಿದು ಕೂತಿದ್ದೆ. ದನಿ ಒಡೆದ ಕಡೆ, ಒಂದು ಏಟು ತಡವಾಗಿ, ಅಮ್ಮ "ಭಲೇ" ಎಂದಳು. ಅಂಕಲ್ ಹಾಡುತ್ತಲೇ ನಕ್ಕರು. ನಗು ದನಿಯೊಳಗೆ ಸೇರಿಕೊಂಡಿತು.

ಅಪ್ಪ ರಾತ್ರಿಗಳೆಲ್ಲ ಕೂತು ಅದನ್ನು ತೊಳೆದರು. ಪ್ರೀತಿಯಿಂದಲೇ. ಗರಗರ ಹೋಯಿತು, ಉಸಿರು ಹೋಯಿತು, ಚಪ್ಪಾಳೆ ಹೋಯಿತು, ಭಲೇ ಹೋಯಿತು. ಅದೇ ಫೈಲಿನ ಮೇಲೆ ಸೇವ್ ಮಾಡಿದ್ದರು. ಮೂಲ ಎಲ್ಲಿ ಎಂದು ಅಮ್ಮ ಕೇಳಿದ್ದಕ್ಕೆ, "ಬಟ್ಟೆ ಒಗೆದ್ಮೇಲೆ ಕೊಳೆನ ಎತ್ತಿಟ್ಕೋತಾರೇನೇ?" ಎಂದರು.

ಆಪರೇಷನ್ ಮುಗಿಸಿ, ಕತ್ತಿಗೆ ಬಟ್ಟೆ ಸುತ್ತಿಕೊಂಡು ಬಂದ ಅಂಕಲ್ ಹೆಡ್‌ಫೋನ್ ಹಾಕಿ ಪೂರ್ತಿ ಕೇಳಿದರು. ಅಪ್ಪನ ಭುಜ ತಟ್ಟಿದರು. ಆಮೇಲೆ ಅಮ್ಮನ ಕಡೆ ಬೆರಳು ತೋರಿಸಿ, ತಮ್ಮ ಕಿವಿ ಮುಟ್ಟಿಕೊಂಡು, ಕೈ ಬಿಚ್ಚಿದರು: ನೀವೆಲ್ಲಿ? ಅಮ್ಮ ಆಗ ಅವರ ಮುಂದೆ ತೊಡೆ ತಟ್ಟಿ ತಾಳ ಹಾಕಿದಳು, ಅವತ್ತು ಮೊದಲ ಸಲ ಸರಿಯಾಗಿ ಮುಗಿಸಿದಳು ಎಂದು ಬರೆಯಲು ಕೈ ತುಡಿಯುತ್ತದೆ. ಹಾಗೆ ಆಗಿರಲಾರದು. ಅವಳು ಎದ್ದು ಕಾಫಿ ಮಾಡಲು ಹೋದಳು ಅನಿಸುತ್ತದೆ. ಅಂಕಲ್‌ಗೆ ನುಂಗಲು ಆಗುತ್ತಿರಲಿಲ್ಲ ಎಂದು ಆಮೇಲೆ ಅವಳಿಗೆ ನೆನಪಾಗಿರಬೇಕು.

ಮುಂದಿನ ವರ್ಷ ಅಂಕಲ್ ಹೋದರು. ಎಷ್ಟೋ ವರ್ಷಗಳ ಮೇಲೆ ಅಮ್ಮ. ಆ ಎರಡೂ ಮನೆಗಳಲ್ಲಿ ಈಗ ಬೇರೆಯವರಿದ್ದಾರೆ, ಗೋಡೆಯನ್ನೂ ದಪ್ಪ ಮಾಡಿಸಿದ್ದಾರಂತೆ. ಅಪ್ಪ ಬ್ಯಾಲಿನ್‌ಕೊಲಿಗ್‌ನ ಸಣ್ಣ ಮನೆಯಲ್ಲಿದ್ದಾರೆ. ಈಗ ಅವರ ಕೆಲಸ ಒಂದೇ, ತೊಳೆದದ್ದನ್ನು ಮತ್ತೆ ಕೊಳೆ ಮಾಡುವುದು. ಹೊಸ ಎಐ ಸಾಫ್ಟ್‌ವೇರಿಗೆ ಹಳೆಯ ಹಾಡುಗಾರರ ಗಂಟಲುಗಳನ್ನು ಕೇಳಿಸಿ, ಅಂಕಲ್ಲಿನ ನುಣುಪಿನ ಮೇಲೆ ಗರಗರ ಹಚ್ಚುತ್ತಾರೆ. ಹೊಸ ಹುಡುಗಿಯರು ಮೆಷಿನ್ನಿಂದಲೇ ದನಿ ತಿರುಚಿ ಫ್ಲಮೆಂಕೊ ಹಾಡುವ ಆಲ್ಬಮ್ಮುಗಳನ್ನೂ ಕೂತು ಕೇಳುತ್ತಾರೆ, ದಾರಿ ಸಿಕ್ಕೀತೆಂದು. ಆಗಾಗ ನಾನಿರುವ ಕ್ಯಾಸಲ್‌ನಾಕ್‌ಗೆ ಒಂದು ಫೈಲ್ ಬರುತ್ತದೆ.

ಹೋದ ವಾರ ಬಂದದ್ದರಲ್ಲಿ ಅಮ್ಮನೂ ಇದ್ದಳು. ಹುಟ್ಟುಹಬ್ಬದ ವಿಡಿಯೋಗಳಿಂದ ಅವಳ ದನಿ ತೆಗೆದು ಕಟ್ಟಿದ ಒಂದು "ಭಲೇ". ದನಿ ಅವಳದೇ. ಏಟಿಗೆ ಸರಿಯಾಗಿ, ಕೂದಲೆಳೆಯಷ್ಟೂ ತಡವಿಲ್ಲದೆ ಬಿತ್ತು. ಅಮ್ಮ ಯಾವತ್ತೂ ಹಾಗೆ ಬಂದವಳಲ್ಲ.

ಅಪ್ಪ ಫೋನ್ ಮಾಡಿದರು. "ಕೇಳಿದ್ಯಾ ಪುಟ್ಟಿ? ಹೀಗೇ ಅಲ್ವಾ ಅಂದಿದ್ದು ಅವಳು?"

"ಹೂಂ ಅಪ್ಪ. ಗ್ರ್ಯಾಂಡ್ ಆಗಿದೆ" ಎಂದೆ.

ಆ ಕಡೆ ಅವರು ಉಸಿರು ಬಿಟ್ಟರೋ ಇಲ್ಲವೋ ತಿಳಿಯಲಿಲ್ಲ. ಈಗಿನ ಫೋನುಗಳು ಅದನ್ನು ಗದ್ದಲವೆಂದು ತೆಗೆದುಬಿಡುತ್ತವೆ.