ಫುಟ್‌ಬಾಲ್ ತಂಡದ ಬಸ್ಸು ನನ್ನ ಸ್ಟಾಪಿನಲ್ಲಿ ನಿಂತದ್ದು

ನಮ್ಮವರು ತೀರಿಕೊಂಡು ಎಂಟು ತಿಂಗಳಾಯಿತು. ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು, ಬಹಳ ಒಳ್ಳೆಯ ಮನುಷ್ಯ ಎಂದು. ನಮ್ಮ ಬೀದಿಯ ದೀಪದ ಕಂಬವೂ ಒಳ್ಳೆಯದೇ. ಯಾರ ತಂಟೆಗೂ ಹೋಗಿಲ್ಲ. ಅವರು ಹಾಗಲ್ಲ. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು, ಉದ್ದಕ್ಕೆ ಬರೆಯಲು ಬರುವುದಿಲ್ಲ. ಫುಟ್‌ಬಾಲ್ ನಡೆದಾಗಿನ ಒಂದು ವಾರದ ವಿಷಯ ಬರೆಯುತ್ತೇನೆ. ಅಷ್ಟರಲ್ಲಿ ಅವರು ಎಂಥವರು ಎಂದು ಗೊತ್ತಾಗುತ್ತದೆ.

ಅವರು ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸು ಓಡಿಸಿದರು. ಒಂದೇ ದಾರಿ, ಮೂವತ್ತೊಂದು ಸ್ಟಾಪು. ಬೇರೆ ಡ್ರೈವರುಗಳು ಜನ ಜಾಸ್ತಿ ಇದ್ದರೆ ನಿಲ್ಲಿಸದೆ ಹಾರಿಸಿಕೊಂಡು ಹೋಗುತ್ತಾರೆ. ಜನ ಇಲ್ಲದಿದ್ದರೂ ಹಾರಿಸುತ್ತಾರೆ. ನಮ್ಮವರು ಹಾರಿಸಲಿಲ್ಲ. ಸ್ಟಾಪು ಬಂತು, ನಿಲ್ಲಿಸಿದರು, ಬಾಗಿಲು ತೆಗೆದರು, ಮೂರು ಎಣಿಸಿದರು, ಹೊರಟರು. ಒಂದು ನಾಯಿ ನಿಂತಿದ್ದರೂ ಅಷ್ಟೇ. ಡಿಪೋದಲ್ಲಿ ಅವರನ್ನು ಬ್ರೇಕಣ್ಣ ಎಂದು ಕರೆಯುತ್ತಿದ್ದರು. ಅವರ ಕಾಲಿಗೆ ಬ್ರೇಕು ಹುಟ್ಟಿನಿಂದಲೇ ಅಂಟಿದೆ ಎಂದು ಅವರ ಕಂಡಕ್ಟರ್ ಹೇಳುತ್ತಿದ್ದ. ಹದಿನಾಲ್ಕು ವರ್ಷ ಜೊತೆಯಲ್ಲಿದ್ದವನು, ನನ್ನನ್ನು ಅಕ್ಕ ಎನ್ನುತ್ತಾನೆ.

ಡಿಪೋದ ಗೋಡೆಯ ಮೇಲೆ ಒಂದು ಹಲಗೆ ಇದೆ. ಒಂದೂ ಅಪಘಾತ, ಒಂದೂ ನೋಟಿಸು ಇಲ್ಲದೆ ನೌಕರಿ ಮುಗಿಸಿದ ಡ್ರೈವರುಗಳ ಹೆಸರನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಸುತ್ತಾರೆ. ಡಿಪೋ ಶುರುವಾದಾಗಿನಿಂದ ಮೂರೇ ಹೆಸರು. ನಾಲ್ಕನೆಯದು ತಮ್ಮದು ಎಂದು ಇವರ ಆಸೆ. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಆದರೆ ರಜೆಯ ದಿನವೂ ಡಿಪೋಗೆ ಹೋಗಿ ಆ ಹಲಗೆಯ ಕೆಳಗೇ ನಿಂತು ಟೀ ಕುಡಿಯುತ್ತಿದ್ದರು.

ನಿವೃತ್ತಿಗೆ ಇನ್ನು ಐದು ತಿಂಗಳಿರುವಾಗ ನಮ್ಮ ಊರಿಗೆ ಫುಟ್‌ಬಾಲ್ ಬಂತು. ಹದಿನೇಳು ವರ್ಷದೊಳಗಿನ ಹೆಣ್ಣುಮಕ್ಕಳ ಅಂತರರಾಷ್ಟ್ರೀಯ ಪಂದ್ಯಾವಳಿ. ಹದಿನಾರು ದೇಶ. ಒಂದೊಂದು ತಂಡಕ್ಕೆ ಒಂದೊಂದು ಬಸ್ಸು. ನೌಕರಿಯಲ್ಲಿ ಕಪ್ಪು ಚುಕ್ಕೆ ಇಲ್ಲದವರನ್ನೇ ಕಳಿಸಿ ಎಂದು ಪಂದ್ಯದ ಸಮಿತಿಯವರು ಡಿಪೋಗೆ ಬರೆದಿದ್ದರು. ಇವರನ್ನು ಆರಿಸಿದರು. ಹೊಸ ಬಿಳಿ ಬಸ್ಸು, ಹೊಸ ಟೋಪಿ. ಟೋಪಿ ಒಂದು ಅಳತೆ ದೊಡ್ಡದು. ಒಳಗೆ ಕಾಗದ ಮಡಚಿ ಇಟ್ಟುಕೊಟ್ಟೆ. ಬೀದಿಯವರಿಗೆಲ್ಲ ನಾನೇ ಹೇಳಿದೆ. ಎರಡು ಸಲ ಹೇಳಿದೆ.

ಮೊದಲ ಪಂದ್ಯದ ದಿನ ಮಧ್ಯಾಹ್ನ ಒಂದೂವರೆಗೆ ನಾನು ಎಂದಿನಂತೆ ಸ್ಟಾಪಿಗೆ ಹೋದೆ. ಚೀಲ ರಿಪೇರಿ ಅಂಗಡಿಯಲ್ಲಿ ನನಗೆ ಹೊಲಿಗೆ ಕೆಲಸ. ಹರಿದ ಪಟ್ಟಿ, ಕಿತ್ತ ಹಿಡಿ, ಕೆಟ್ಟ ಜಿಪ್ಪು. ಅವತ್ತು ಇವರ ದಾರಿಗೆ ಬೇರೆ ಡ್ರೈವರನ್ನು ಹಾಕಿದ್ದರು. ಆ ಬಸ್ಸಿಗೆ ಕಾಯುತ್ತಿದ್ದೆ. ತಂಡದ ಹೋಟೆಲಿನಿಂದ ಮೈದಾನಕ್ಕೆ ಹೋಗುವುದೂ ಅದೇ ದಾರಿ, ಮೊದಲು ಸಿಗುವುದು ನನ್ನ ಸ್ಟಾಪು. ಮೊದಲು ಒಂದು ಜೀಪು ಹೋಯಿತು. ಹಿಂದೆಯೇ ಬಿಳಿ ಬಸ್ಸು ಬಂತು. ಪಕ್ಕದಲ್ಲಿ ಚೆಂಡಿನ ಚಿತ್ರ. ಒಳಗೆ ಆ ಟೋಪಿ. ಬಸ್ಸು ನನ್ನ ಮುಂದೆಯೇ ಬಂದು ನಿಂತಿತು. ಬಾಗಿಲು ತೆರೆಯಿತು.

ನಾನು ಏನು ತಿಳಿದುಕೊಳ್ಳಬೇಕು? ಹೆಂಡತಿಯೂ ಒಂದು ಸಲ ಈ ಬಸ್ಸಿನಲ್ಲಿ ಕೂರಲಿ ಎಂದು ನಿಲ್ಲಿಸಿದ್ದಾರೆ ಎಂದುಕೊಂಡೆ. ಮದುವೆಯಾದ ಮೇಲೆ ಇಂಥದ್ದು ಮಾಡಿದ್ದು ಇದೇ ಮೊದಲು. ಖುಷಿಯಾಯಿತು. ಹತ್ತಿದೆ.

"ಮುಂದೆ ಹೋಗಿ, ಮುಂದೆ ಹೋಗಿ," ಎಂದರು, ರಸ್ತೆ ನೋಡುತ್ತಲೇ. ಹೊರಟರು.

ಬಸ್ಸಿನ ತುಂಬ ಹಳದಿ ಬಟ್ಟೆಯ ಹುಡುಗಿಯರು. ಎಲ್ಲರೂ ನನ್ನನ್ನೇ ನೋಡಿದರು. ಅವರ ತರಬೇತುದಾರಿಣಿ ಎದ್ದು ನಿಂತಳು. ಕೊರಳಲ್ಲಿ ಶಿಳ್ಳೆ ಇತ್ತು. ಶಿಳ್ಳೆಯಮ್ಮ ಎನ್ನುತ್ತೇನೆ, ಅವಳ ನಿಜವಾದ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಅವಳು ತಲೆ ಬಾಗಿಸಿದಳು, ನಾನೂ ಬಾಗಿಸಿದೆ. ಏಣಿಯಷ್ಟು ಉದ್ದದ ಒಬ್ಬ ಹುಡುಗಿ ಎದ್ದು ನನಗೆ ಜಾಗ ಕೊಟ್ಟಳು. ಅವಳೇ ಗೋಲ್‌ಕೀಪರ್. ಕೂತೆ. ಮೆತ್ತಗಿತ್ತು.

ಮುಂದಿನ ಸ್ಟಾಪು ಬಂತು. ಬಸ್ಸು ನಿಂತಿತು. ಆಗ ನನಗೆ ಸ್ವಲ್ಪ ಅನುಮಾನ ಬಂತು. ಗಾಜಿನ ಅಂಗಡಿಯವನೊಬ್ಬ ಬಾಗಿಲಗಲದ ಗಾಜು ಹಿಡಿದುಕೊಂಡು ಹತ್ತಿದ.

"ಸ್ವಲ್ಪ ಸರ್ಕೊಳ್ರಮ್ಮ. ಇದು ಒಡೆದ್ರೆ ನಮ್ಮ ಮಾಲೀಕ ಆ ಕಿಟಕಿಗೆ ನನ್ನನ್ನೇ ಕೂರಿಸ್ತಾನೆ."

ಹುಡುಗಿಯರಿಗೆ ಮಾತು ತಿಳಿಯಲಿಲ್ಲ, ಗಾಜು ತಿಳಿಯಿತು. ನಾಲ್ವರು ಎದ್ದು ನಾಲ್ಕು ಮೂಲೆ ಹಿಡಿದುಕೊಂಡರು. ಅವನು ಕೈ ಬೀಸಿಕೊಂಡು ನಿಂತ.

ಅದರ ಮುಂದಿನ ಸ್ಟಾಪಿನಲ್ಲಿ ನಿವೃತ್ತ ಮೇಷ್ಟ್ರು ಹತ್ತಿದರು. ಅವರು ಟಿಕೆಟ್ ಇಲ್ಲದೆ ಕೂರುವವರಲ್ಲ. ಕಂಡಕ್ಟರ್ ಎಲ್ಲಿ ಎಂದು ಹುಡುಕಿದರು. ಶಿಳ್ಳೆ ಕಂಡಿತು. ಶಿಳ್ಳೆಯಮ್ಮನ ಹತ್ತಿರ ಹೋಗಿ ಕೈ ಚಾಚಿದರು.

"ಒಂದು ಕೊಡಮ್ಮ, ಮಾರ್ಕೆಟ್‌ಗೆ."

ಅವಳು ಯೋಚಿಸಿ, ತನ್ನ ಕೋಟಿನಿಂದ ಒಂದು ಬಿಲ್ಲೆ ತೆಗೆದು ಕೊಟ್ಟಳು. ತಂಡದ ಗುರುತಿನ ತಗಡಿನ ಬಿಲ್ಲೆ. ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಟಿಕೆಟ್ ಬದಲಾಯಿಸಿದಾರೆ. ಪೇಪರಿನಲ್ಲಿ ಬರಲೇ ಇಲ್ಲ," ಎಂದು ಅಂಗಿಗೆ ಚುಚ್ಚಿಕೊಂಡು ಕೂತರು.

ಇದು ಈ ಊರಿನ ಪದ್ಧತಿ, ಆಟಕ್ಕೆ ಹೋಗುವ ತಂಡದ ಜೊತೆ ಊರವರು ಹೋಗುತ್ತಾರೆ ಎಂದು ಅವಳು ತಿಳಿದಿದ್ದಳಂತೆ. ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಏಣಿ ಹುಡುಗಿ ನನ್ನ ಚೀಲದಲ್ಲಿ ಸೂಜಿ, ಮೇಣದ ದಾರ ನೋಡಿದಳು. ತನ್ನ ಚೀಲದಿಂದ ಒಂದು ಜೊತೆ ಕೈಗವಸು ತೆಗೆದಳು. ಮಣಿಕಟ್ಟಿನ ಪಟ್ಟಿ ಕಿತ್ತುಹೋಗಿತ್ತು. ಮುಖ ಸಣ್ಣದು ಮಾಡಿದಳು. ಬೇರೆ ಒಂದು ಜೊತೆ ಇತ್ತು, ಆದರೆ ಇದೇ ಅವಳಿಗೆ ಇಷ್ಟ ಎಂದು ಕಂಡಿತು, ಎದೆಗೆ ಒತ್ತಿಕೊಂಡು ತೋರಿಸಿದಳು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ. ಅವಳು ನಾಲ್ಕು ಬೆರಳು ತೋರಿಸಿದಳು, ನಾಲ್ಕು ದಿನಕ್ಕೆ ಮುಂದಿನ ಪಂದ್ಯ. ನಾನು ಹೆಬ್ಬೆರಳು ತೋರಿಸಿದೆ. ವ್ಯವಹಾರ ಮುಗಿಯಿತು.

ಆರನೇ ಸ್ಟಾಪಿನ ಹೊತ್ತಿಗೆ ಜೀಪು ವಾಪಸು ಬಂದು ಅಡ್ಡ ನಿಂತಿತು. ಸಮಿತಿಯ ಕಾರ್ಯದರ್ಶಿ ಇಳಿದು ಬಂದ.

"ಏನ್ರೀ ಇದು? ತಂಡದ ಬಸ್ಸೋ, ಮಾರ್ಕೆಟ್ ಬಸ್ಸೋ?"

ಆಗ ನಮ್ಮವರು ಮೊದಲ ಸಲ ಹಿಂದಕ್ಕೆ ತಿರುಗಿ ನೋಡಿದರು. ಗಾಜು ಕಂಡಿತು. ಮೇಷ್ಟ್ರು ಕಂಡರು. ಆಮೇಲೆ ನಾನು ಕಂಡೆ. ಅವರ ಮುಖ ಬಿಳಿ ಟೋಪಿಗಿಂತ ಬಿಳಿಯಾಯಿತು.

ತಂಡ ಮೈದಾನಕ್ಕೆ ಹದಿನೆಂಟು ನಿಮಿಷ ತಡವಾಗಿ ಹೋಯಿತು. ಪಂದ್ಯ ಶುರುವಾಗುವುದಕ್ಕೆ ಮುಂಚೆಯೇ ಮುಟ್ಟಿತು, ಅದೊಂದು ಪುಣ್ಯ. ಯಾರೂ ಗೋಲು ಹೊಡೆಯಲಿಲ್ಲ.

ಸಂಜೆ ಮನೆಗೆ ಬಂದವರು ಟೋಪಿ ಮೇಜಿನ ಮೇಲಿಟ್ಟರು.

"ನಿನ್ನನ್ನ ಯಾರು ಹತ್ತು ಅಂದಿದ್ದು?"

"ನಿಲ್ಲಿಸಿದ್ದು ಯಾರು?"

"ನಾನೆಲ್ಲಿ ನಿಲ್ಲಿಸ್ದೆ? ಕಾಲು ನಿಲ್ಲಿಸ್ತು. ಸ್ಟಾಪು ಕಂಡ್ರೆ ಅದು ತಾನೇ ನಿಲ್ಸತ್ತೆ. ನಾನು ನಿನ್ನ ನೋಡೇ ಇಲ್ಲ."

"ನೋಡೇ ಇಲ್ವಾ?"

"ಇಲ್ಲ."

ನಾನು ಮತ್ತೆ ಮಾತಾಡಲಿಲ್ಲ. ಕಾಲು ನಿಲ್ಲಿಸಿತಂತೆ. ನಾನು ಬಸ್ಸಿನಲ್ಲಿ ರಾಣಿಯ ಹಾಗೆ ಕೂತಿದ್ದೆ. ಅವರೂ ಮಾತಾಡಲಿಲ್ಲ. ಮೂರು ದಿನ ನಮ್ಮ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಅವರು ಲೋಟವನ್ನು ಸ್ವಲ್ಪ ಜೋರಾಗಿ ಇಟ್ಟರೆ ಟೀ ಬೇಕು ಎಂದು ಅರ್ಥ. ನಾನು ಅದಕ್ಕಿಂತ ಜೋರಾಗಿ ಇಟ್ಟರೆ ಕೊಟ್ಟಿದ್ದೇನೆ, ಕುಡಿಯಿರಿ ಎಂದು ಅರ್ಥ.

ಮೂರನೇ ದಿನ ಕಂಡಕ್ಟರ್ ನಮ್ಮ ಅಂಗಡಿಗೆ ಬಂದ.

"ಅಕ್ಕ, ಮ್ಯಾನೇಜರ್ ಬ್ರೇಕಣ್ಣನ್ನ ಕರೆಸಿದ್ರು. ಅಭ್ಯಾಸ ಬಲ ಅಂತ ಈ ಸಲ ಬಿಟ್ಟಿದಾರೆ. ಇನ್ನೊಂದು ಸಲ ದಾರೀಲಿ ನಿಲ್ಲಿಸಿದ್ರೆ ನೋಟಿಸು. ನೋಟಿಸು ಬಂತು ಅಂದ್ರೆ ಹಲಗೇಲಿ ಹೆಸರಿಲ್ಲ."

"ಅವರೇನಂದ್ರು?"

"ಬಲಗಾಲು ನೋಡ್ತಾ ನಿಂತಿದ್ರು. ನಾಯಿಮರಿಗೆ ಗದರಿಸೋ ಥರ."

ಕೈಗವಸು ಹೊಲಿದು ಮುಗಿಸಿದ್ದೆ. ಎರಡು ಸುತ್ತು ಮೇಣದ ದಾರ, ಎತ್ತು ಕಟ್ಟಿ ಎಳೆದರೂ ಬಿಡದ ಹೊಲಿಗೆ. ಮಾರನೇ ದಿನ ಪಂದ್ಯ. ಇವರ ಕೈಯಲ್ಲಿ ಕೊಟ್ಟು ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಅದಕ್ಕೆ ಮಾತಾಡಬೇಕು. ನಾನೇ ಮೊದಲು ಮಾತಾಡುವವಳಲ್ಲ. ಅವರೂ ಅಲ್ಲ. ಇಬ್ಬರೂ ಒಂದೇ ಅಚ್ಚಿನವರು.

ಅದಕ್ಕೆ ಒಂದು ಉಪಾಯ ಮಾಡಿದೆ. ಬಸ್ಸು ಹೋಗುವಾಗ ಕಿಟಕಿಯೊಳಕ್ಕೆ ಎಸೆಯುವುದು. ಬಸ್ಸು ನಿಲ್ಲಬೇಕಾಗಿಲ್ಲ, ನೋಟಿಸು ಬರುವುದಿಲ್ಲ, ಯಾರೂ ಮಾತಾಡಬೇಕಾಗಿಲ್ಲ. ಬೆಳಿಗ್ಗೆ ಅವರು ಹೋದ ಮೇಲೆ ಹಿತ್ತಲಲ್ಲಿ ಅಭ್ಯಾಸ ಮಾಡಿದೆ. ಕೈಗವಸಿನೊಳಗೆ ಚಿಂದಿ ಬಟ್ಟೆ ತುರುಕಿ ಒಗೆಯುವ ಬಕೆಟ್ಟಿಗೆ ಎಸೆದೆ. ಹತ್ತರಲ್ಲಿ ಎರಡು ಬಿತ್ತು. ಒಂದು ಪಕ್ಕದ ಮನೆಯ ಛಾವಣಿಗೆ ಹೋಯಿತು. ಏಣಿ ತಂದು ಇಳಿಸಿಕೊಂಡೆ.

ಒಂದೂವರೆಗೆ ಸ್ಟಾಪಿಗೆ ಹೋದೆ. ಫಲಕದ ಕೆಳಗೆ ನಿಲ್ಲಲಿಲ್ಲ. ನಿಂತರೆ ಆ ಕಾಲು ಏನು ಮಾಡುತ್ತದೋ. ಹತ್ತು ಹೆಜ್ಜೆ ಆಚೆ ಬೀಡಾ ಪೆಟ್ಟಿಗೆ ಅಂಗಡಿಯ ಮರೆಗೆ ನಿಂತೆ. ಜೀಪು ಹೋಯಿತು. ಬಸ್ಸು ಬಂತು. ಸ್ಟಾಪಿನ ಮುಂದೆ ಸ್ವಲ್ಪ ನಿಧಾನವಾಯಿತು. ನಿಲ್ಲಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಒಂದು ಸ್ಟಾಪನ್ನು ದಾಟಿದರು. ಗಾಜಿನಾಚೆ ಅವರ ಮುಖ ಕಂಡಿತು. ಹಲ್ಲು ಕೀಳಿಸಿಕೊಳ್ಳುವವರ ಮುಖ.

ನಾನು ಮರೆಯಿಂದ ಹೊರಗೆ ಬಂದು ಕೈ ಎತ್ತಿದೆ. ಎಸೆಯಲು ಎತ್ತಿದ್ದು. ಎಸೆಯಲಾಗಲಿಲ್ಲ. ಅವರು ನನ್ನನ್ನು ನೋಡಿದರು. ಚೆನ್ನಾಗಿ ನೋಡಿದರು, ತಲೆ ತಿರುಗಿಸಿ. ಬಸ್ಸು ನನ್ನ ಮುಂದೆ ಹೋಯಿತು, ಕಿಟಕಿಗಳು ಹೋದವು, ಕೈ ಎತ್ತಿಕೊಂಡೇ ನಿಂತಿದ್ದೆ.

ಬಸ್ಸು ಐವತ್ತು ಅಡಿ ಹೋಗಿ ನಿಂತಿತು.

ಅಲ್ಲಿ ಸ್ಟಾಪಿಲ್ಲ. ಫಲಕವಿಲ್ಲ. ಒಂದು ಚರಂಡಿ, ಒಂದು ಗೋಡೆ. ಬಾಗಿಲು ತೆರೆಯಿತು. ನಾನು ಓಡಿದೆ. ಒಂದು ಚಪ್ಪಲಿ ಬಿಟ್ಟುಹೋಯಿತು, ವಾಪಸು ಹೋಗಿ ಹಾಕಿಕೊಂಡು ಮತ್ತೆ ಓಡಿದೆ. ಹುಡುಗಿಯರು ಕಿಟಕಿಯಲ್ಲಿ ತಲೆ ಹಾಕಿ ಚಪ್ಪಾಳೆ ತಟ್ಟುತ್ತಿದ್ದರು, ನಾನೇ ಗೋಲು ಹೊಡೆಯಲು ಹೋಗುತ್ತಿರುವ ಹಾಗೆ.

"ಹತ್ತು," ಎಂದರು.

"ಯಾಕ್ ನಿಲ್ಲಿಸಿದ್ರಿ? ನೋಟಿಸು ಕೊಡ್ತಾರೆ."

"ಹತ್ತು ಅಂದೆ. ಮೂರು ಎಣಿಸಿ ಆಯ್ತು."

"ನಾನು ಬರೋಕೆ ನಿಂತಿದ್ದಲ್ಲ. ಇದನ್ನ ಕೊಡೋಕೆ ಬಂದೆ, ಆ ಹುಡುಗೀದು."

ಅವರು ಕೈಗವಸು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಹತ್ತಿ ಕೊಡು," ಎಂದರು.

ಹತ್ತಿದೆ. ಏಣಿ ಹುಡುಗಿ ಕೈಗವಸು ಹಾಕಿಕೊಂಡು ನನ್ನ ಕೆನ್ನೆ ಹಿಡಿದಳು. ಕೈಗವಸಿನ ವಾಸನೆ ಒಂದು ವಾರ ಹೋಗಲಿಲ್ಲ. ಮೈದಾನದವರೆಗೂ ಹೋದೆ, ಅಂಗಡಿಗೆ ಹೋಗಲಿಲ್ಲ. ಶಿಳ್ಳೆಯಮ್ಮ ನನ್ನನ್ನು ತಂಡದವರು ಕೂರುವ ಬೆಂಚಿನ ಹಿಂದೆ ಕೂರಿಸಿದಳು. ತಂಡ ಮೂರು ಗೋಲಿನಿಂದ ಸೋತಿತು. ಮೂರೂ ಏಣಿ ಹುಡುಗಿಯ ಕೈ ಸವರಿಕೊಂಡೇ ಒಳಗೆ ಹೋದವು. ಹೊಲಿಗೆ ಮಾತ್ರ ಒಂದು ಎಳೆಯೂ ಬಿಡಲಿಲ್ಲ.

ತಂಡದವರು ತಮ್ಮ ಊರಿಗೆ ಹೋದರು. ಇವರಿಗೆ ನೋಟಿಸು ಬಂತು.

ಮ್ಯಾನೇಜರ್ ಕೆಟ್ಟವನಲ್ಲ. ನೋಟಿಸಿಗೆ ಉತ್ತರ ಬರೆದುಕೊಡಬೇಕಿತ್ತು. ಏನು ಬರೆಯಬೇಕು ಎಂದು ಅವನೇ ಹೇಳಿಕೊಟ್ಟನಂತೆ. ಆಟಗಾರ್ತಿಯ ಗ್ಲೌಸ್ ತಗೊಳ್ಳೋಕೆ ನಿಲ್ಲಿಸ್ದೆ ಅಂತ ಬರೀರಿ, ತಂಡದ ಕೆಲಸ ಅಂತಾಗತ್ತೆ, ನೋಟಿಸು ಹರಿದು ಹಾಕ್ತೀನಿ ಎಂದು. ಇವರು ಅಲ್ಲೇ ನಿಂತು ಬರೆದುಕೊಟ್ಟು ಬಂದರು. ಮನೆಯಲ್ಲಿ ಒಂದು ಮಾತೂ ಹೇಳಲಿಲ್ಲ. ಆ ಹೊತ್ತಿಗೆ ನಾವು ಮಾತಾಡುತ್ತಿದ್ದೆವು, ಆದರೂ ಹೇಳಲಿಲ್ಲ.

ಸಂಜೆ ಅವರು ಸ್ನಾನಕ್ಕೆ ಹೋಗಿದ್ದಾಗ ಕಂಡಕ್ಟರ್ ಬಂದ. ನಗು ತಡೆದುಕೊಂಡು ಕೂತ.

"ಅಕ್ಕ, ಏನು ಬರೆದಿದಾರೆ ಗೊತ್ತಾ? ಇಡೀ ಡಿಪೋಗೆ ಬಾಯಿಪಾಠ ಆಗಿದೆ."

"ಗ್ಲೌಸ್ ವಿಷಯ ತಾನೇ?"

"ಕೇಳಿ. 'ಗ್ಲೌಸಿನ ವಿಷಯ ನಿಲ್ಲಿಸುವಾಗ ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ನಿಂತಿದ್ದಳು. ನೋಡಿ ನಿಲ್ಲಿಸಿದೆ.' ಅಷ್ಟೇ. ಕೆಳಗೆ ಸಹಿ."

ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತೆ. ಒಲೆ ಹಚ್ಚಿರಲಿಲ್ಲ.

ಬಚ್ಚಲಿನಿಂದ ಅವರು ಕೂಗಿದರು. "ಯಾರು ಬಂದಿದ್ದು?"

"ಯಾರೂ ಇಲ್ಲ, ನಿಮ್ಮ ಕಂಡಕ್ಟರ್," ಎಂದೆ. "ಬೇಗ ಬನ್ನಿ, ಊಟಕ್ಕೆ ಹಾಕ್ತೀನಿ."

ಐದು ತಿಂಗಳಿಗೆ ನಿವೃತ್ತಿಯಾದರು. ಹೆಸರು ಬರೆಸಲಿಲ್ಲ. ಆಮೇಲೆ ಒಂದು ವರ್ಷ ಇದ್ದರು.

ಮೊನ್ನೆ ಒಂದು ಕಾಗದಕ್ಕೆ ಸಹಿ ಹಾಕಲು ಡಿಪೋಗೆ ಹೋಗಿದ್ದೆ. ಹಲಗೆಯ ಮೇಲೆ ಈಗಲೂ ಮೂರೇ ಹೆಸರು. ಅದರ ಕೆಳಗೆ ಜಾಗ ಹಾಗೇ ಇದೆ. ನಾನು ನೋಡುತ್ತ ನಿಂತದ್ದನ್ನು ಕಂಡು ಕಂಡಕ್ಟರ್ ಬಂದ.

"ಬೇಜಾರಾ ಅಕ್ಕ?"

"ಇಲ್ಲ," ಎಂದೆ.

ಇರಲಿಲ್ಲ. ಖಾಲಿ ಜಾಗದಲ್ಲಿ ಧೂಳು ಕೂತಿತ್ತು. ಕೈಯಿಂದ ಒರೆಸಿ ಬಂದೆ.